ಏಳನೆಯ ಬಾಗಿಲು

ಆ ಬೆಳಿಗ್ಗೆ ನದಿಯ ಮೇಲಿನ ಮಂಜು ಏಳು ಗಂಟೆಗೇ ಎದ್ದುಹೋಗಿತ್ತು. ಎಂಟರ ಹೊತ್ತಿಗೆ ಬಿಸಿಲು ಸ್ಲೇಟುಕಲ್ಲಿನ ಚಾವಣಿಗಳ ಮೇಲೆ ಕೂತು, ರಾತ್ರಿಯ ತೇವವನ್ನೆಲ್ಲ ಹಬೆ ಮಾಡಿ ಕಳಿಸುತ್ತಿತ್ತು. ಕಾರ್ಕ್ ಊರಿಗೆ ಇಂಥ ದಿನಗಳು ವರ್ಷದಲ್ಲಿ ಬೆರಳೆಣಿಕೆಯಷ್ಟು. ಮೋಡದ ಒಂದು ಚೂರೂ ಇಲ್ಲದ ಆ ಆಕಾಶದ ಕೆಳಗೆ ಟೈಗ್ ಕಾಟರ್ ಕಪ್ಪು ಸೂಟು ತೊಟ್ಟು, ದೊಡ್ಡದೊಂದು ಕಪ್ಪು ಕೊಡೆಯನ್ನು ಊರಿಕೊಂಡು, ಉತ್ತರದ ಗುಡ್ಡ ಹತ್ತುತ್ತಿದ್ದ. ಎಪ್ಪತ್ತನಾಲ್ಕು ವರ್ಷ, ಆರು ತಿಂಗಳ ಹಿಂದೆ ಹಾಕಿಸಿಕೊಂಡ ಹೊಸ ಮಂಡಿ. ಎದುರಿಗೆ ಇಳಿದು ಬರುತ್ತಿದ್ದ ಅಂಚೆಯವಳು ನಿಂತು ನೋಡಿದಳು.

"ಮಳೆ ಬರತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರಾ ಯಜಮಾನ್ರೇ?"

"ಇಲ್ಲಮ್ಮ. ಇದು ನನ್ನ ಕೊಡೆ ಅಲ್ಲ," ಎಂದ ಟೈಗ್.

ಅವಳಿಗೆ ಅರ್ಥವಾಗಲಿಲ್ಲ. ನಕ್ಕು ಇಳಿದುಹೋದಳು.

ಗುಡ್ಡದ ನೆತ್ತಿಯ ಚರ್ಚು ಚಿಕ್ಕದು, ಕೆಂಪು ಇಟ್ಟಿಗೆಯದು. ಬಾಗಿಲಿಗೆ ಬೀಗ. ಪಾದ್ರಿಗಳು ಕಡಿಮೆಯಾದ ಮೇಲೆ ಅಲ್ಲಿ ಭಾನುವಾರ ಒಂದೇ ಪೂಜೆ. ಬೀಗದ ಕೈ ಪಕ್ಕದ ಮನೆಯ ಮ್ಯಾಜ್ ಬಳಿ ಇರುತ್ತಿತ್ತು. ನೆಲ ಗುಡಿಸುವವಳೂ ಅವಳೇ, ಹೂ ಇಡುವವಳೂ ಅವಳೇ, ಪಾದ್ರಿ ತಡಮಾಡಿದರೆ ಬೈಯುವವಳೂ ಅವಳೇ. ಅವಳು ಕಿಟಕಿಯ ಕುಂಡಗಳಿಗೆ ನೀರು ಹಾಕುತ್ತಿದ್ದಳು.

"ಮ್ಯಾಜ್, ಬೀಗ ತೆಗೀಬೇಕಿತ್ತು."

"ಇವತ್ತು ಗುರುವಾರ ಕಣೋ. ಇಲ್ಲಿ ದೇವ್ರಿಗೂ ರಜ. ಭಾನುವಾರ ಬಾ."

"ಭಾನುವಾರದ ಹೊತ್ತಿಗೆ ಕಾನ್ ಮಣ್ಣಲ್ಲಿರ್ತಾನೆ."

ಮ್ಯಾಜ್ ನೀರಿನ ತಂಬಿಗೆಯನ್ನು ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಪಾಪ, ಒಳ್ಳೇ ಮನುಷ್ಯ. ಅವನ ಪೂಜೆ ಕೆಳಗಿನ ಚರ್ಚಲ್ಲಿ ಅಲ್ವಾ?"

"ಹತ್ತು ಗಂಟೆಗೆ. ಅದಾದ ಮೇಲೆ ಅವನನ್ನ ಇಲ್ಲಿಗೆ ತರ್ತೀವಿ. ಐದು ನಿಮಿಷ ಸಾಕು."

"ನೋನಿ ಹೇಳಿದ್ಲಾ ಹಂಗಂತ?"

ಕಾನ್ ಟೂಮಿಯ ಹೆಂಡತಿ ನೋನಿ ಹಾಗೇನೂ ಹೇಳಿರಲಿಲ್ಲ. ಟೈಗ್ ಅವಳ ಮುಖ ಸರಿಯಾಗಿ ನೋಡಿಯೇ ಏಳು ತಿಂಗಳಾಗಿತ್ತು. ನಿನ್ನೆ ಕಾನ್‌ನನ್ನು ಮನೆಯ ಹಜಾರದಲ್ಲಿ ಮಲಗಿಸಿದ್ದಾಗ ಊರಿಗೆ ಊರೇ ಬಂದು ಕೈಕುಲುಕಿ ಹೋಗಿತ್ತು. ಟೈಗ್ ಬೀದಿಯ ತುದಿಯವರೆಗೆ ಬಂದು, ಬೇಲಿಗೆ ಒರಗಿ ನಿಂತು, ವಾಪಸು ಹೋಗಿದ್ದ.

"ನೀವಿಬ್ರೂ ವರ್ಷಾ ವರ್ಷಾ ಏಳು ಚರ್ಚು ಅಂತ ಹೊರಡ್ತಿದ್ರಿ," ಎಂದಳು ಮ್ಯಾಜ್. "ಏಳು ಚರ್ಚೋ, ಏಳು ಪಬ್ಬೋ, ನೋಡಿದೋರ್ಯಾರು."

"ಹೋದ ವರ್ಷ ಏಳಾಗಲಿಲ್ಲ ಮ್ಯಾಜ್. ಆರೇ ಆಗಿದ್ದು. ಇದೊಂದು ಬಾಕಿ ಉಳೀತು. ಅದು ನನ್ನಿಂದ."

ಮ್ಯಾಜ್ ಅವನ ಮುಖವನ್ನೂ ಕೊಡೆಯನ್ನೂ ನೋಡಿದಳು. ಏಪ್ರನ್ನಿನ ಜೇಬಿಗೆ ಕೈ ಹಾಕಿದಳು.

"ಹನ್ನೆರಡರ ತನಕ ತೆಗ್ದಿಟ್ಟಿರ್ತೀನಿ. ಹನ್ನೆರಡಕ್ಕೆ ನನ್ನ ಊಟ. ಪೋಪ್ ಸತ್ರೂ ನನ್ನ ಆಲೂಗಡ್ಡೆ ಕಾಯಲ್ಲ."

* * *

ನಲವತ್ತು ವರ್ಷದ ಹಿಂದೆ ಇಂಥದೇ ಒಂದು ಜೂನ್ ತಿಂಗಳಲ್ಲಿ ಕಾನ್‌ನ ಮಗಳು ಫಿಡೆಲ್ಮಾ ಹುಟ್ಟಿ ಹತ್ತೊಂಬತ್ತು ದಿನವಾಗಿತ್ತು. ಮೈ ಕೆಂಡದಂತೆ ಕಾದಿತ್ತು. ಮೊದಲು ಹಾಲು ಬಿಟ್ಟಿತು, ಆಮೇಲೆ ಅಳುವುದನ್ನೂ ಬಿಟ್ಟಿತು ಕೂಸು. ಆಸ್ಪತ್ರೆಗಳಲ್ಲಿ ಆಗ ತಾಯಿಯನ್ನು ಒಳಗೆ ಬಿಡುತ್ತಿದ್ದರು, ತಂದೆಯನ್ನು ಬಿಡುತ್ತಿರಲಿಲ್ಲ. "ಸಂಜೆ ಏಳಕ್ಕೆ ಬನ್ನಿ," ಎಂದಳು ನರ್ಸು. ಆಗ ಬೆಳಿಗ್ಗೆ ಹತ್ತು.

ಗೇಟಿನ ಹೊರಗೆ ಟೈಗ್ ನಿಂತಿದ್ದ. ಇಬ್ಬರೂ ಟೈರು ಕಾರ್ಖಾನೆಯಲ್ಲಿ ಒಂದೇ ಪಾಳಿ. ಆ ದಿನ ಇಬ್ಬರೂ ಹೋಗಿರಲಿಲ್ಲ.

"ಮನೆಗೆ ಹೋಗೋಣ್ವಾ?" ಎಂದ ಟೈಗ್.

"ಮನೇಲಿ ತೊಟ್ಟಿಲಿದೆ," ಎಂದ ಕಾನ್.

ಹಾಗಾಗಿ ನಡೆದರು. ಹುಟ್ಟಿ ಬೆಳೆದ ಊರೇ. ಆದರೆ ವಾರದ ನಡುವೆ, ಹಗಲು ಹೊತ್ತಿನಲ್ಲಿ, ಕೈಯಲ್ಲಿ ಕೆಲಸವಿಲ್ಲದೆ ಅದನ್ನು ಇಬ್ಬರೂ ನೋಡಿರಲಿಲ್ಲ. ಬಿಸಿಲಿಗೆ ರಸ್ತೆಯ ಡಾಂಬರು ಕರಗಿ ಬೂಟಿನ ಅಟ್ಟೆಗೆ ಅಂಟುತ್ತಿತ್ತು. ಮಾರುಕಟ್ಟೆಯ ತಂಪಿನಲ್ಲಿ ಮೀನು ಕೊಯ್ಯುವವಳು ಹಾಡಿಕೊಳ್ಳುತ್ತಿದ್ದಳು. ಒಂದು ಚರ್ಚಿನ ಬಾಗಿಲು ತೆರೆದಿತ್ತು. ನೆರಳಿಗೆಂದು ಒಳಗೆ ಹೋದವರು ಮೊಣಕಾಲೂರಿ ಎದ್ದು ಬಂದರು. ಮತ್ತೊಂದು ಬೀದಿ, ಮತ್ತೊಂದು ಚರ್ಚು. ಸೇತುವೆಯ ಕಟ್ಟೆಗೆ ಎದೆಯೂರಿ ಇಳಿತದ ನೀರಿನಲ್ಲಿ ಆಡುವ ಬೂದು ಮೀನುಗಳನ್ನು ಅರ್ಧ ಗಂಟೆ ನೋಡಿದರು. ಒಬ್ಬ ದೋಣಿಗೆ ಹಸಿರು ಬಣ್ಣ ಬಳಿಯುತ್ತಿದ್ದ. ಒಂದು ಪಕ್ಕ ಪೂರ್ತಿ ಆಗುವವರೆಗೂ ನಿಂತು ನೋಡಿದರು. ಟೈಗ್ ಎರಡು ಐಸ್‌ಕ್ರೀಮು ಕೊಂಡ. ಕಾನ್‌ನ ಕೈಯಲ್ಲಿದ್ದುದು ತಿನ್ನದೆಯೇ ಕರಗಿ ಅಂಗಿಯ ತೋಳಿನೊಳಗೆ ಇಳಿಯಿತು.

ಮೂರನೆಯ ಚರ್ಚಿನಿಂದ ಹೊರಗೆ ಬಂದಾಗ ಕಾನ್ ಹೇಳಿದ, "ಈಸ್ಟರ್ ಮುಂಚಿನ ಪವಿತ್ರ ಗುರುವಾರ ಏಳು ಚರ್ಚು ಸುತ್ತುತ್ತೀವಲ್ಲ. ಇವತ್ತೂ ಸುತ್ತಿಬಿಡೋಣ."

"ಇವತ್ತು ಸೋಮವಾರ ಕಣೋ."

"ಕೂಸಿಗೆ ವಾರ ಗೊತ್ತಾಗಲ್ಲ ಬಿಡು."

ಊರಿನ ಗಡಿಯಾರದ ಗೋಪುರಕ್ಕೆ ನಾಲ್ಕು ಮುಖ. ನಾಲ್ಕೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಒಂದು ಸೇತುವೆಯಿಂದ ನೋಡಿದಾಗ ನಾಲ್ಕು ಗಂಟೆ ಹತ್ತು ನಿಮಿಷವಾಗಿದ್ದದ್ದು ಮುಂದಿನ ಸೇತುವೆಗೆ ಬಂದಾಗ ನಾಲ್ಕು ಗಂಟೆ ಐದು ನಿಮಿಷವಾಗಿತ್ತು. ಕಾನ್ ಅಲ್ಲೇ ನಿಂತುಬಿಟ್ಟ. "ಹೊತ್ತು ಹಿಂದಕ್ಕೆ ಹೋಗ್ತಿದೆಯಲ್ಲೋ," ಎಂದ. ಟೈಗ್ ಅವನ ಮೊಣಕೈ ಹಿಡಿದು ಗೋಪುರದ ಇನ್ನೊಂದು ಪಕ್ಕಕ್ಕೆ ನಡೆಸಿಕೊಂಡು ಹೋದ. ಅಲ್ಲಿ ನಾಲ್ಕೂಕಾಲಾಗಿತ್ತು.

ಏಳನೆಯದು ಗುಡ್ಡದ ಮೇಲಿನ ಚರ್ಚು. ಅಲ್ಲಿಂದ ಇಳಿದು ಆಸ್ಪತ್ರೆಯ ಗೇಟಿಗೆ ಬಂದಾಗ ಏಳಕ್ಕೆ ಐದು ನಿಮಿಷ. ಅದೇ ನರ್ಸು ಬಾಗಿಲಿಗೆ ಬಂದಳು. "ಹಾಲು ಕುಡಿದ್ಲು," ಎಂದಳು.

ಆಮೇಲೆ ಪ್ರತಿ ವರ್ಷ ಅದೇ ತಾರೀಖು, ಹತ್ತರಿಂದ ಏಳು. ಕಾರ್ಖಾನೆ ಮುಚ್ಚಿತು. ಕಾನ್ ಒಂದು ಶಾಲೆಯಲ್ಲಿ ಬೀಗ ತೆಗೆದು ಬೀಗ ಹಾಕುವ, ಬಾಯ್ಲರ್ ಹೊತ್ತಿಸುವ, ಮಕ್ಕಳ ಚೆಂಡನ್ನು ಚಾವಣಿಯಿಂದ ಇಳಿಸಿಕೊಡುವ ಕೆಲಸಕ್ಕೆ ಸೇರಿ ಅದರಲ್ಲೇ ನಿವೃತ್ತನಾದ. ಟೈಗ್ ಬ್ರೆಡ್ಡಿನ ವ್ಯಾನು ಓಡಿಸಿದ. ವರ್ಷದ ಉಳಿದೆಲ್ಲ ದಿನ ಇಬ್ಬರೂ ಎಲ್ಲರಂತೆ. ಆ ಒಂದು ದಿನ ಮಾತ್ರ ಊರು ಅವರದು. ಎಲ್ಲಿಗೂ ಅವಸರವಿಲ್ಲ. ಮೀನು ನೋಡುವ ಸೇತುವೆಯಲ್ಲಿ ಮೀನು ನೋಡಬೇಕು. ಐಸ್‌ಕ್ರೀಮು ತಿನ್ನುವಲ್ಲಿ ತಿನ್ನಬೇಕು. ಬಾನು ಎಷ್ಟೇ ತಿಳಿಯಾಗಿದ್ದರೂ ಕಾನ್‌ನ ಕೈಯಲ್ಲಿ ಕೊಡೆ ಇರುತ್ತಿತ್ತು. ಈ ಊರಿನ ಆಕಾಶವನ್ನು ತಾನು ನಂಬುವುದಿಲ್ಲ ಎನ್ನುತ್ತಿದ್ದ. ಮಗಳಿಗೆ ವಿಷಯ ತಿಳಿಸಬಾರದೆಂದು ಅವನೇ ಕಟ್ಟುಮಾಡಿದ್ದ. ಯಾರಿಗಾಗಿ ಹರಕೆ ಹೊತ್ತೆವೋ ಅವರಿಗೆ ಹೇಳಿದರೆ ಅದರ ಭಾರ ಅವರ ತಲೆಗೆ ಹೋಗುತ್ತದೆ, ಕೂಸಿನ ತಲೆಗೆ ಯಾಕೆ, ಎನ್ನುತ್ತಿದ್ದ. ಫಿಡೆಲ್ಮಾ ದೊಡ್ಡವಳಾಗಿ, ಶಾಲೆಯ ಉಪಾಧ್ಯಾಯಿನಿಯಾಗಿ, ಕೂದಲಲ್ಲಿ ನರೆ ಬಂದರೂ ಅವನಿಗೆ ಅವಳು ಕೂಸೇ.

* * *

ಕೆಳಗಿನ ಚರ್ಚಿನಲ್ಲಿ ಪೂಜೆ ಮುಗಿದು ಜನ ಮೆಟ್ಟಿಲ ಮೇಲೆ ನಿಂತಿದ್ದರು. ಶವಪೆಟ್ಟಿಗೆಯನ್ನು ಗಾಡಿಯೊಳಗೆ ಸೇರಿಸಿ ಆಗಿತ್ತು. ಬಂದವರೆಲ್ಲ ಸಾಲಾಗಿ ನೋನಿಯ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದರು, "ನಿಮಗೆ ಹಿಂಗಾಯ್ತಲ್ಲ, ಬೇಜಾರಾಯ್ತು." ಅವಳೂ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು, "ನಂಗೊತ್ತು. ಬಂದ್ರಲ್ಲ, ಅಷ್ಟು ಸಾಕು." ಸಾಲಿನ ಕೊನೆಯಲ್ಲಿ ಟೈಗ್ ಇದ್ದ. ಅವನ ಕೈಯಲ್ಲಿದ್ದ ಕೊಡೆಯನ್ನು ನೋನಿ ಆಗಲೇ ನೋಡಿದ್ದಳು.

"ಮಂಡಿ ಹೆಂಗಿದೆ ಟೈಗ್?"

"ಹೊಸದು. ನನಗಿಂತ ಹೆಚ್ಚು ಬಾಳತ್ತೆ."

"ನಮ್ಮನೆ ಮೆಟ್ಟಿಲು ಹತ್ತೋಕೆ ಮಾತ್ರ ಆಗ್ಲಿಲ್ಲ ಅದಕ್ಕೆ."

ಟೈಗ್ ತಲೆ ತಗ್ಗಿಸಿದ. ಅಷ್ಟರಲ್ಲಿ ಹೆನೆಬ್ರಿ ಬಂದ. ಶವಸಂಸ್ಕಾರದ ಏರ್ಪಾಡೆಲ್ಲ ಅವನದು. ಎತ್ತರದ ಮನುಷ್ಯ, ಕಂಕುಳಲ್ಲಿ ಟೋಪಿ, ಕಣ್ಣು ಸದಾ ಕೈಗಡಿಯಾರದ ಮೇಲೆ.

"ಹೊರಡೋಣ್ವಾ ಮೇಡಮ್? ಹನ್ನೆರಡೂವರೆಗೆ ಸ್ಮಶಾನದ ಗೇಟಲ್ಲಿರಬೇಕು. ಗುಂಡಿ ತೋಡಿದೋರು ಒಂದಕ್ಕೆ ಊಟಕ್ಕೆ ಹೋದ್ರೆ ಅವರನ್ನ ಕರ್ಕೊಂಡು ಬರೋಕೆ ಬಿಷಪ್ಪೇ ಹೋಗ್ಬೇಕು."

"ಹೆನೆಬ್ರಿ," ಎಂದ ಟೈಗ್, "ದಾರಿ ಯಾವ್ದು?"

"ಹೊರವರ್ತುಲ ರಸ್ತೆ. ಹದಿನೈದು ನಿಮಿಷ."

"ಸತ್ತವರನ್ನ ಹತ್ರದ ದಾರೀಲಿ ಒಯ್ಯೋದು ಯಾವ ಊರಿನ ಪದ್ಧತಿ? ನಿಮ್ಮಪ್ಪ ನೋಡಿದ್ರೆ ಎದ್ದು ಬರ್ತಿದ್ದ."

ಹೆನೆಬ್ರಿಗೆ ಅದು ತಾಗಿತು. ಸತ್ತವರನ್ನು ಆದಷ್ಟು ದೂರದ ದಾರಿಯಲ್ಲೇ ಒಯ್ಯುವುದು ಈ ಸೀಮೆಯ ನಡವಳಿಕೆ. ಅವನ ಅಪ್ಪ ಅದನ್ನು ಒಮ್ಮೆಯೂ ಮುರಿದವನಲ್ಲ. "ಮಗಳು ಹೇಳಿದ್ದು," ಎಂದು ಟೋಪಿಯನ್ನು ಫಿಡೆಲ್ಮಾಳ ಕಡೆ ತೋರಿಸಿದ.

"ಹೌದು, ನಾನೇ ಹೇಳಿದ್ದು," ಎಂದಳು ಫಿಡೆಲ್ಮಾ. "ಅಮ್ಮ ಮೂರು ರಾತ್ರಿಯಿಂದ ಮಲಗಿಲ್ಲ. ಈ ಬಿಸಿಲಲ್ಲಿ ಊರೆಲ್ಲ ಸುತ್ತಿಸಬೇಕಾ?"

"ಗುಡ್ಡದ ಚರ್ಚಿಗೆ ಒಂದ್ಸಲ ಹೋಗಿ ಬರೋಣಮ್ಮ. ಮ್ಯಾಜ್ ಹನ್ನೆರಡರ ತನಕ ಬಾಗಿಲು ತೆಗ್ದಿಟ್ಟಿದ್ದಾಳೆ."

"ಟೈಗ್ ಮಾಮ, ಬೇಜಾರು ಮಾಡ್ಕೋಬೇಡಿ. ಅಪ್ಪನ ಜೊತೆ ವರ್ಷಕ್ಕೊಂದಿನ ಊರು ಸುತ್ತಿ, ಕುಡಿದು, ಐಸ್‌ಕ್ರೀಮು ತಿಂದು ಬರ್ತಿದ್ರಿ. ಸಂತೋಷ. ಆದ್ರೆ ಅವರು ಏಳು ತಿಂಗಳು ಹಾಸಿಗೇಲಿದ್ರು. ನೀವು ಬಂದಿದ್ದು ಒಂದೇ ಸಲ. ಬಾಗಿಲ ಕಡೆ ನೋಡ್ತಾ ಇರ್ತಿದ್ರು ಅವರು. ಇವತ್ತು ಬಂದು ದಾರಿ ಹೇಳ್ತೀರಾ?"

ಟೈಗ್ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

* * *

ಹೋದ ವರ್ಷದ ನಡಿಗೆಯಲ್ಲಿ ಮೂರನೆಯ ಚರ್ಚಿನ ಹೊತ್ತಿಗೇ ಟೈಗ್‌ನ ಮಂಡಿ ಊದಿತ್ತು. ಕಾನ್ ಕೊಡೆಯನ್ನು ಅವನ ಕೈಗೆ ಕೊಟ್ಟಿದ್ದ. ಅದನ್ನು ಊರಿಕೊಂಡು ಇನ್ನೂ ಮೂರು ಚರ್ಚು ಆಯಿತು. ಆರನೆಯದು ನದಿಯ ದಂಡೆಯದು. ಅದಕ್ಕೆ ಎರಡು ಬಾಗಿಲು: ಒಂದು ನದಿಯ ಕಡೆಗೆ, ಇನ್ನೊಂದು ಪಕ್ಕದ ಓಣಿಗೆ. ಹೊರಗೆ ಬಂದು ಟೈಗ್ ತಲೆಯೆತ್ತಿ ಗುಡ್ಡವನ್ನು ನೋಡಿದ.

"ಕಾನ್, ನಮ್ಮಜ್ಜಿ ಏನ್ಮಾಡ್ತಿದ್ಲು ಗೊತ್ತಾ? ಈ ಬಾಗಿಲಲ್ಲಿ ಹೊರಗೆ, ಆ ಬಾಗಿಲಲ್ಲಿ ಒಳಗೆ. ಒಂದು ಚರ್ಚು ಎರಡು ಲೆಕ್ಕ."

ಹಾಗೆ ಲೆಕ್ಕ ಕೂಡಿಸುವ ಮುದುಕಿಯರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಕಾನ್ ಗುಡ್ಡವನ್ನು ನೋಡಿದ, ಟೈಗ್‌ನ ಮಂಡಿಯನ್ನು ನೋಡಿದ.

"ಸರಿ, ನಡಿ."

ಓಣಿಯ ಬಾಗಿಲಲ್ಲಿ ಹೊಕ್ಕು, ಶಾಲೆ ತಪ್ಪಿಸಿದ ಹುಡುಗರಂತೆ ಬಾಯಿ ಮುಚ್ಚಿ ನಗುತ್ತ, ಅದೇ ಪೀಠದ ಮುಂದೆ ಮತ್ತೆ ಮೊಣಕಾಲೂರಿದರು. ನಲವತ್ತು ವರ್ಷದಲ್ಲಿ ಮೊದಲ ಸಲ ಏಳು ಗಂಟೆಗಿಂತ ಮೊದಲೇ ಮುಗಿಯಿತು. ಟೈಗ್ ಬಸ್ಸು ಹತ್ತುವಾಗ ಕೊಡೆ ವಾಪಸು ಕೊಡಲು ಹೋದ.

"ಇಟ್ಕೋ," ಎಂದ ಕಾನ್. "ಮೇಲಿನ ಚರ್ಚಿನ ಬಾಗಿಲಲ್ಲಿ ಕೊಡು."

ನವೆಂಬರಿನಲ್ಲಿ ಕಾನ್ ಅಡುಗೆಮನೆಯಲ್ಲಿ ಕುಸಿದು ಬಿದ್ದ. ಟೈಗ್ ನೋಡಲು ಹೋದ ದಿನ ಅವನು ಕಣ್ಣು ತೆರೆದು, ಬಹಳ ಹೊತ್ತು ಇವನನ್ನೇ ನೋಡಿ, "ಆರೇ ಆಯ್ತಲ್ಲೋ," ಎಂದ. ಅಷ್ಟೇ ಹೇಳಿ ನಿದ್ದೆ ಹೋದ. ದೂರಿನ ದನಿಯೇನೂ ಅಲ್ಲ. ಆದರೆ ಟೈಗ್ ಮತ್ತೆ ಹೋಗಲಿಲ್ಲ. ಮಂಡಿಯ ಆಪರೇಷನ್ನು ಒಂದು ನೆಪವಾಯಿತು. ನೆಪ ತೀರಿದ ಮೇಲೂ ಕೊಡೆ ಅವನ ಬಾಗಿಲ ಹಿಂದೆ ನೇತಾಡುತ್ತಲೇ ಇತ್ತು.

* * *

"ಹೇಳು ಟೈಗ್," ಎಂದಳು ನೋನಿ. "ಇನ್ನು ಹೇಳಬಹುದು. ಹರಕೆ ಹೊತ್ತೋನೇ ಹೋದ."

ಟೈಗ್ ಗುಡ್ಡದ ಕಡೆ ನೋಡಿದ. ನೋನಿಯೇ ಮಗಳ ಕಡೆ ತಿರುಗಿದಳು.

"ನಿಂಗೆ ಹತ್ತೊಂಬತ್ತು ದಿನ. ಸಂಜೆ ದಾಟಲ್ಲ ಅಂದಿದ್ರು ಡಾಕ್ಟ್ರು. ನಾನು ಒಳಗೆ ನಿನ್ನ ಹಿಡ್ಕೊಂಡು ಕೂತಿದ್ದೆ. ನಿಮ್ಮಪ್ಪನ್ನ ಒಳಗೆ ಬಿಡಲಿಲ್ಲ. ಅವತ್ತು ಇವರಿಬ್ರೂ ನಡೆದ್ರು, ಬೆಳಿಗ್ಗೆಯಿಂದ ಸಂಜೆ ತನಕ. ಏಳು ಚರ್ಚು. ಆಮೇಲೆ ಪ್ರತಿ ವರ್ಷ. ಪಬ್ಬೂ ಇಲ್ಲ, ಏನೂ ಇಲ್ಲ. ಮನೆಗೆ ಬಂದು ಕಾಲು ಬಿಸಿನೀರಲ್ಲಿ ಇಟ್ಕೊಂಡು ಕೂತ್ಕೊಳ್ತಿದ್ದ ನಿಮ್ಮಪ್ಪ. ಹೋದ ವರ್ಷ ಮಾತ್ರ, 'ನೋನಿ, ಇವತ್ತು ಒಂದು ಕಡಿಮೆ ಬಿತ್ತು ಕಣೇ,' ಅಂದ."

"ಅದು ನಾನು ಮಾಡಿಸಿದ್ದು," ಎಂದ ಟೈಗ್. "ಅವನು ಗುಡ್ಡ ಹತ್ತೋನು. ನನ್ನ ಕಾಲಿಗೋಸ್ಕರ ಬಿಟ್ಟ. ಒಂದೇ ಚರ್ಚನ್ನ ಎರಡು ಬಾಗಿಲಲ್ಲಿ ಹೊಕ್ಕು ಎರಡು ಅಂತ ಲೆಕ್ಕ ಹಾಕಿದ್ವಿ. ಇನ್ನು ನಾಲ್ಕು ದಿನ ಕಳೆದ್ರೆ ವರ್ಷ ಆಗತ್ತೆ."

ಫಿಡೆಲ್ಮಾ ಗಾಡಿಯ ಗಾಜಿನೊಳಗಿನ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ತನ್ನ ಬೂಟುಗಳನ್ನು ನೋಡಿದಳು; ಹಿಮ್ಮಡಿ ಎತ್ತರದವು, ಹೊಸವು.

"ಹೆನೆಬ್ರಿಯವ್ರೆ, ಗಾಡಿ ಗುಡ್ಡ ಹತ್ತತ್ತಾ?"

"ಹತ್ತತ್ತೆ ಮೇಡಮ್. ನಿಧಾನ ಆಗತ್ತೆ."

"ನಿಧಾನವಾಗೇ ಹೋಗಿ. ನಾವು ಹಿಂದೆ ನಡ್ಕೊಂಡು ಬರ್ತೀವಿ."

ನೋನಿಯನ್ನು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿದರು. ಉಳಿದವರು ನಡೆದರು. ಮೀನು ನೋಡುವ ಸೇತುವೆ ಬಂತು. ಟೈಗ್ ನಿಲ್ಲಲಿಲ್ಲ, ಕತ್ತು ಮಾತ್ರ ಆ ಕಡೆ ತಿರುಗಿತು. ಅಂಗಡಿಗಳವರು ಬಾಗಿಲಿಗೆ ಬಂದು ತಲೆ ಬಗ್ಗಿಸಿದರು. ಒಂದು ಬಸ್ಸು ಪಕ್ಕಕ್ಕೆ ನಿಂತು ಎಂಜಿನ್ನು ಆರಿಸಿತು. ಗೋಪುರದ ಈಚೆ ಮುಖದಲ್ಲಿ ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು, ಆಚೆ ಮುಖದಲ್ಲಿ ಹದಿನಾರು. ಏರು ಶುರುವಾದಾಗ ಫಿಡೆಲ್ಮಾ ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡಳು.

"ಕಾಲು ಸುಡತ್ತಮ್ಮ," ಎಂದ ಟೈಗ್.

"ಇರ್ಲಿ ಮಾಮ," ಎಂದಳು.

ಮ್ಯಾಜ್ ಚರ್ಚಿನ ಬಾಗಿಲಲ್ಲಿ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಒಳಗೆ ಪೀಠದ ಮೇಲೆ ಎರಡು ಮೇಣದಬತ್ತಿ ಹಚ್ಚಿಟ್ಟಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಟೈಗ್ ಕೊಡೆಯನ್ನು ಅವಳ ಕೈಗೆ ಕೊಟ್ಟು ಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ. "ಬೇಡಿ, ನಿಮ್ಮ ಮಂಡಿ," ಎಂದ ಹೆನೆಬ್ರಿ. ಟೈಗ್ ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಪಕ್ಕದಲ್ಲಿದ್ದವನನ್ನು ಸರಿಸಿ ಫಿಡೆಲ್ಮಾ ಬರಿಗಾಲಲ್ಲಿ ನಿಂತಳು. ಹೊರುವವರು ಪೆಟ್ಟಿಗೆಯ ಅಡಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ತೋಳು ಹಾಕಿಕೊಳ್ಳಬೇಕು. ಅವಳ ತೋಳು ಅವನ ಹೆಗಲ ಮೇಲೆ ಬಂತು.

ನಡುವಿನ ಹಾದಿಯಲ್ಲಿ ಪೀಠದವರೆಗೆ ಹೋದರು. ಪಾದ್ರಿ ಇರಲಿಲ್ಲ. ನೋನಿ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳಿದಳು, ಉಳಿದವರು ದನಿಗೂಡಿಸಿದರು. ಯಾರೋ ಕೆಮ್ಮಿದರು. ಅಷ್ಟೇ.

ಹೆನೆಬ್ರಿ ಮುಂದೆ ಬಂದು ಪಿಸುಗುಟ್ಟಿದ, "ಈ ಪಕ್ಕದ ಬಾಗಿಲಲ್ಲಿ ಬನ್ನಿ. ಗಾಡಿ ತಿರುಗಿಸಿ ಅಲ್ಲೇ ನಿಲ್ಸಿದೀನಿ. ಮೆಟ್ಟಿಲೂ ಇಲ್ಲ."

ಪೆಟ್ಟಿಗೆ ನಿಂತಲ್ಲೇ ನಿಂತಿತು. ಟೈಗ್‌ನ ಮಂಡಿ ನಡುಗುತ್ತಿದ್ದದ್ದು ಹೆಗಲ ಮೇಲಿನ ತೋಳಿಗೆ ತಿಳಿಯುತ್ತಿತ್ತು.

"ಬಂದ ಬಾಗಿಲಲ್ಲೇ," ಎಂದಳು ಫಿಡೆಲ್ಮಾ.

"ಎರಡೂ ಹೊರಗೇ ಅಲ್ವಾ ಮೇಡಮ್ ಹೋಗೋದು?"

"ಬಂದ ಬಾಗಿಲಲ್ಲೇ ಹೋಗೋದು ಹೆನೆಬ್ರಿಯವ್ರೆ. ಗಾಡಿ ಆ ಕಡೆ ತನ್ನಿ."

ಹೊರಗೆ ಗಾಡಿ ಸುತ್ತಿಕೊಂಡು ಬರುವವರೆಗೆ ಅವರು ಪೆಟ್ಟಿಗೆಯನ್ನು ಹೆಗಲ ಮೇಲೆ ಇಟ್ಟುಕೊಂಡೇ ಬಾಗಿಲ ಮುಂದೆ ಬಿಸಿಲಿನಲ್ಲಿ ನಿಂತಿದ್ದರು. ಕೆಳಗೆ ಊರು ಪೂರ್ತಿ ಕಾಣುತ್ತಿತ್ತು, ನದಿಯ ಎರಡು ಕವಲು, ಸೇತುವೆಗಳು. ಮ್ಯಾಜ್‌ಳ ಅಡುಗೆಮನೆಯಿಂದ ಆಲೂಗಡ್ಡೆ ಸೀದ ವಾಸನೆ ಬರುತ್ತಿತ್ತು. ಅವಳು ಕದಲಲಿಲ್ಲ.

ಪೆಟ್ಟಿಗೆ ಒಳಗೆ ಸೇರಿ ಗಾಡಿಯ ಬಾಗಿಲು ಮುಚ್ಚಿತು. ಟೈಗ್ ಮ್ಯಾಜ್‌ಳಿಂದ ಕೊಡೆಯನ್ನು ತೆಗೆದುಕೊಂಡ. ಅದನ್ನು ಅಚ್ಚುಕಟ್ಟಾಗಿ ಸುತ್ತಿ ಗುಂಡಿ ಹಾಕಿದ್ದ. ಸವೆದ ತುದಿಗೆ ಹೊಸ ಕಬ್ಬಿಣದ ಟೋಪಿ ಹಾಕಿಸಿದ್ದ. ನೋನಿ ಬಾಗಿಲ ಮೆಟ್ಟಿಲ ಮೇಲೆ ಒಂದು ಕೈ ಗೋಡೆಗೆ ಕೊಟ್ಟು ನಿಂತಿದ್ದಳು. ಅವಳ ಇನ್ನೊಂದು ಮುಂಗೈಗೆ ಕೊಡೆಯ ಹಿಡಿಯನ್ನು ಸಿಕ್ಕಿಸಿ ಅವನು ಪಕ್ಕಕ್ಕೆ ಸರಿದ. ಅವಳು ಅದನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಗೋಡೆಯಿಂದ ಕೈ ತೆಗೆದು, ಕೊಡೆಯನ್ನು ಊರಿ, ಒಂದೊಂದೇ ಮೆಟ್ಟಿಲು ಇಳಿದಳು. ಹೊಸ ಕಬ್ಬಿಣ ಕಲ್ಲಿಗೆ ತಾಗುವ ಸದ್ದು ಗಾಡಿಯವರೆಗೂ ಕೇಳಿಸಿತು.